ಲೇಖಕನ ಪರವಾಗಿ ಮಾತನಾಡುವವನು

ಕೆಲವು ವರ್ಷಗಳ ಕೆಳಗೆ, ಕನ್ನಡದಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲಿಯೂ ಓದುತ್ತಿದ್ದ ಕಾದಂಬರಿಗಳನ್ನು ಬರೆದ ಹಿರಿಯರೊಬ್ಬರ ಮಗಳು, ತಂದೆಯ ವರ್ಷಾಂತಿಕವನ್ನು ಮುಗಿಸಿದ ಮರುವಾರ, ಒಂದು ತಗಡಿನ ಪೆಟ್ಟಿಗೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪೆಟ್ಟಿಗೆಯಲ್ಲಿ ಅಂಚು ಹಳದಿಗಟ್ಟಿದ ಕರಡಚ್ಚುಗಳು, ಓದುಗರು ಬರೆದ ಇನ್‌ಲ್ಯಾಂಡ್ ಪತ್ರಗಳು, ಅಚ್ಚಾಗದೆ ಉಳಿದ ಒಂದು ಹಸ್ತಪ್ರತಿ, ಇವೆಲ್ಲದರ ತಳದಲ್ಲಿ ನಾಲ್ಕಾಗಿ ಮಡಿಚಿದ್ದ ಒಂದು ರಸೀತಿ. ರಸೀತಿಯ ಮೂಲೆಯಲ್ಲಿ ರೆವಿನ್ಯೂ ಸ್ಟಾಂಪು. ಸ್ಟಾಂಪಿನ ಮೇಲೆ ಅಡ್ಡಲಾಗಿ ಆ ಹಿರಿಯರ ದುಂಡನೆಯ ಸಹಿ. ಅದರ ಮೇಲುಗಡೆ, ಬೇರೊಬ್ಬರ ಕೈಬರಹದಲ್ಲಿ, ಕಾದಂಬರಿಯ ಸಮಸ್ತ ಹಕ್ಕುಗಳ ಬಾಬ್ತು ಮುನ್ನೂರು ರೂಪಾಯಿ ಸಂದಾಯವಾಗಿದೆಯೆಂಬ ಒಂದೇ ವಾಕ್ಯ. ಇಸವಿ 1964. ಆ ಕಾದಂಬರಿ ಆಮೇಲೆ ಏಳು ಸಲ ಅಚ್ಚಾಯಿತು, ಚಲನಚಿತ್ರವೂ ಆಯಿತು. “ಅಣ್ಣ ಇದನ್ನು ನಮಗ್ಯಾರಿಗೂ ತೋರಿಸಿರಲಿಲ್ಲ” ಎಂದು ಹೇಳಿ ಮಗಳು ರಸೀತಿಯನ್ನು ಮತ್ತೆ ಅದರ ಹಳೆಯ ಮಡಿಕೆಗಳಲ್ಲಿಯೇ ಮಡಿಚಿದರು.

ಆ ಪ್ರಕಾಶಕರನ್ನು ದುರ್ಜನರೆಂದು ನಾನು ಹೇಳಲಾರೆ. ಅವರು ಈ ಲೇಖಕರ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವರು. ಕಾಯಿಲೆ ಬಿದ್ದಾಗ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದವರು. ಕಾಗದದ ಬೆಲೆ ಏರಿದ ವರ್ಷಗಳಲ್ಲಿ ಹೆಂಡತಿಯ ಬಳೆಗಳನ್ನು ಅಡವಿಟ್ಟು ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದವರು. ಲೇಖಕರಿಗೆ ಆ ತಿಂಗಳು ತಮ್ಮನ ಕಾಲೇಜಿನ ಫೀಜು ಕಟ್ಟಬೇಕಾಗಿದ್ದಿತು. ಕೈಗೆ ಬಂದ ಮುನ್ನೂರು ರೂಪಾಯಿ ಅವರಿಗೆ ಆಗ ಉಪಕಾರವೆಂದೇ ತೋರಿದ್ದಿತು. ಮುಂದೆ ಪುಸ್ತಕವು ಚೆನ್ನಾಗಿ ಖರ್ಚಾಗತೊಡಗಿದ ಮೇಲೆ, ಉಪಕಾರ ಮಾಡಿದವರ ಎದುರಿಗೆ ಕುಳಿತು ಎಷ್ಟು ಪ್ರತಿ ಹೋಯಿತೆಂದು ಕೇಳುವುದಕ್ಕೆ ಅವರ ನಾಲಗೆ ಏಳಲಿಲ್ಲ. ತನ್ನ ಕೃತಿಯ ಬೆಲೆಯನ್ನು ತಾನೇ ಹೇಳುವುದು ಆತ್ಮಪ್ರಶಂಸೆಗೆ ಸಮಾನವೆಂದು ಬಗೆಯುವ ಸಂಸ್ಕಾರವು ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ಗೌರವಾರ್ಹವಾದ ಸಂಸ್ಕಾರವೇ ಸರಿ. ಆದರೆ ಆ ಸಂಕೋಚದ ಹೊರೆಯನ್ನು ಹೊರುವವರು ಲೇಖಕನ ಹೆಂಡತಿ ಮಕ್ಕಳು. ಅದುಕಾರಣ, ಲೇಖಕನು ಆಡಲಾರದ ಮಾತನ್ನು ಅವನ ಪರವಾಗಿ ಆಡತಕ್ಕವನೂ, ಅವನು ಕೇಳಲಾರದ ಲೆಕ್ಕವನ್ನು ಅವನ ಪರವಾಗಿ ಕೇಳತಕ್ಕವನೂ ಆದ ಒಬ್ಬ ಮೂರನೆಯ ಮನುಷ್ಯನು ಕನ್ನಡಕ್ಕೆ ಅವಶ್ಯಕನೆಂಬುದು ನನ್ನ ದೃಢವಾದ ಅಭಿಪ್ರಾಯ. ಇಂಗ್ಲಿಷಿನವರು ಅವನನ್ನು ಲಿಟರರಿ ಏಜೆಂಟ್ ಎನ್ನುತ್ತಾರೆ. ನಾವು ಸಾಹಿತ್ಯ ಪ್ರತಿನಿಧಿ ಎನ್ನಬಹುದು. ದಲ್ಲಾಳಿ ಎನ್ನುವವರೂ ಉಂಟು. ಆ ಶಬ್ದದೊಳಗಣ ತಿರಸ್ಕಾರವು ಈ ವೃತ್ತಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಮೊದಲು ವಿಚಾರ ಮಾಡಬೇಕು.

ನಮ್ಮ ಪ್ರಾಚೀನರಿಗೆ ಈ ಪ್ರಶ್ನೆಯೇ ಏಳಲಿಲ್ಲ. ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಸಾವಿರ ಪ್ರತಿ ಬರೆಯಿಸಿ ದಾನಮಾಡಿದಳು. ಆಶ್ರಯದಾತನಿರುವಲ್ಲಿ ಔದಾರ್ಯದ ಮಾತುಂಟು, ಬೆಲೆಯ ಮಾತಿಲ್ಲ. ಅಚ್ಚಿನ ಯಂತ್ರ ಬಂದು, ದಾತನ ಪೀಠದಲ್ಲಿ ಮುಖಪರಿಚಯವಿಲ್ಲದ ಸಾವಿರಾರು ಮಂದಿ ಓದುಗರು ಕುಳಿತ ಮೇಲೆ, ಅವರಿಗೂ ಕವಿಗೂ ನಡುವೆ ಮುದ್ರಕನು ಬಂದು ನಿಂತನು. ಬೆಲೆಯ ಮಾತು ಹುಟ್ಟಿದ್ದು ಅಂದಿನಿಂದ. 1667ರಲ್ಲಿ ಮಿಲ್ಟನ್ ಕವಿಯು ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಸ್ಯಾಮ್ಯುಅಲ್ ಸಿಮನ್ಸ್ ಎಂಬ ಮುದ್ರಕನಿಗೆ, ಸದ್ಯಕ್ಕೆ ಐದು ಪೌಂಡು, ಮೊದಲ ಮುದ್ರಣ ಖರ್ಚಾದ ಬಳಿಕ ಮತ್ತೆ ಐದು ಪೌಂಡು ಎಂಬ ಕರಾರಿನ ಮೇಲೆ ಒಪ್ಪಿಸಿದನು. ಅವನು ತೀರಿಕೊಂಡ ಮೇಲೆ ಅವನ ವಿಧವೆಯು ಉಳಿದ ಹಕ್ಕನ್ನೆಲ್ಲ ಎಂಟು ಪೌಂಡಿಗೆ ಬಿಟ್ಟುಕೊಟ್ಟಳು. ತಗಡಿನ ಪೆಟ್ಟಿಗೆಯ ರಸೀತಿಗೆ ಇದು ಮುನ್ನೂರು ವರ್ಷ ಹಿರಿಯದಾದ ಒಡಹುಟ್ಟು.

ಅಂಥ ಕರಾರುಗಳ ಕಾಲವು ಇಂಗ್ಲೆಂಡಿನಲ್ಲಿ ಮುಗಿಯುತ್ತ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ. 1870ರ ಶಿಕ್ಷಣ ಶಾಸನದಿಂದ ಅಕ್ಷರಸ್ಥರ ಸಂಖ್ಯೆ ಬೆಳೆದು, ಅವರಿಗಾಗಿ ವಾರಪತ್ರಿಕೆ ಮಾಸಪತ್ರಿಕೆಗಳು ಹುಟ್ಟಿಕೊಂಡವು; 1886ರ ಬರ್ನ್ ಒಪ್ಪಂದವು ಒಂದು ದೇಶದ ಲೇಖಕನ ಹಕ್ಕನ್ನು ಇತರ ದೇಶಗಳಲ್ಲಿಯೂ ಮಾನ್ಯಮಾಡಿತು; 1891ರಲ್ಲಿ ಅಮೆರಿಕವೂ ತನ್ನ ಕಾನೂನನ್ನು ತಿದ್ದಿ ವಿದೇಶೀಯರ ಕೃತಿಗಳಿಗೆ ರಕ್ಷಣೆ ಕೊಟ್ಟಿತು. ಅದುವರೆಗೆ ಒಂದೇ ವಸ್ತುವಾಗಿದ್ದ ಕಾದಂಬರಿಯು ಹೀಗೆ ಹಕ್ಕುಗಳ ಒಂದು ಕಂತೆಯಾಯಿತು: ಧಾರಾವಾಹಿಯ ಹಕ್ಕು ಬೇರೆ, ಪುಸ್ತಕದ ಹಕ್ಕು ಬೇರೆ, ಅಮೆರಿಕದ್ದು ಬೇರೆ, ವಸಾಹತುಗಳ ಅಗ್ಗದ ಮುದ್ರಣದ್ದು ಬೇರೆ, ಅನುವಾದದ್ದೂ ನಾಟಕದ್ದೂ ಬೇರೆ ಬೇರೆ. ಈ ಕಂತೆಯನ್ನು ಬಿಡಿಸಿ, ಒಂದೊಂದನ್ನೂ ತಕ್ಕವರಿಗೆ ತಕ್ಕ ಬೆಲೆಗೆ ಕೊಡುವುದು ಬರೆಹದ ಮೇಜಿನ ಮುಂದೆ ಕುಳಿತವನಿಂದಾಗುವ ಕೆಲಸವಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಪೊಲಾಕ್ ವಾಟ್ ಎಂಬಾತನು 1870ರ ದಶಕದಲ್ಲಿ, ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಲೇಖಕನ ಕಥೆಗಳಿಗೆ ಪ್ರಕಾಶಕರನ್ನು ಹುಡುಕಿಕೊಟ್ಟು ನೆರವಾದದ್ದರಿಂದ ಆರಂಭಿಸಿ, ಕ್ರಮೇಣ ಅದನ್ನೇ ವೃತ್ತಿಯಾಗಿ ಹಿಡಿದನು. ಬಂದ ಆದಾಯದಲ್ಲಿ ನೂರಕ್ಕೆ ಹತ್ತು ಅವನ ಪಾಲು. ಹಾರ್ಡಿ, ಕಿಪ್ಲಿಂಗ್, ಕಾನನ್ ಡಾಯ್ಲ್ ಮೊದಲಾದವರು ಅವನ ಕಕ್ಷಿಗಾರರಾದರು.

ಪ್ರಕಾಶಕರಿಗೆ ಇದು ರುಚಿಸಲಿಲ್ಲ. ವಿಲಿಯಂ ಹೈನೆಮನ್ ಎಂಬ ಹೆಸರಾಂತ ಪ್ರಕಾಶಕನು ಈ ಮಧ್ಯವರ್ತಿಗಳನ್ನು ಪರೋಪಜೀವಿಗಳೆಂದು ಬಹಿರಂಗವಾಗಿ ಖಂಡಿಸಿದನು. ಲೇಖಕನಿಗೂ ಪ್ರಕಾಶಕನಿಗೂ ನಡುವೆ ಇದ್ದ ಸ್ನೇಹದ ಸಂಬಂಧವನ್ನು ಇವರು ಕೆಡಿಸುವರೆಂಬುದು ಆ ಕಾಲದ ದೂರು. ಇಂದು ನಮ್ಮಲ್ಲಿ ಈ ಮಾತೆತ್ತಿದರೆ ಮೊದಲು ಕೇಳಿಬರುವ ಆಕ್ಷೇಪವೂ ಅದೇ. ಸ್ನೇಹವು ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಜಿ. ಬಿ. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಲೇಖಕರೊಡನೆ ಕುಳಿತು ನಡೆಸಿದ ಮಾತುಕತೆಗಳಿಂದ, ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನದಿಂದ, ಕನ್ನಡಕ್ಕೆ ಆದ ಲಾಭವನ್ನು ಯಾವ ಕರಾರುಪತ್ರವೂ ಅಳೆಯಲಾರದು. ಆದರೆ ಸ್ನೇಹವನ್ನು ಕೆಡಿಸುವುದು ಲೆಕ್ಕವಲ್ಲ, ಕೇಳದೆ ಉಳಿದ ಲೆಕ್ಕ. ಆ ಹಿರಿಯ ಕಾದಂಬರಿಕಾರರೂ ಅವರ ಪ್ರಕಾಶಕರೂ ಕೊನೆಯ ಹದಿನೈದು ವರ್ಷ ಒಂದೇ ಊರಿನಲ್ಲಿದ್ದೂ ಮಾತನಾಡಲಿಲ್ಲವೆಂದು ಮಗಳು ಹೇಳಿದರು. ಜಗಳವಾದದ್ದಲ್ಲ, ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಹೇಳಲಿಲ್ಲ, ಅಷ್ಟೆ. ಲೆಕ್ಕದ ಮಾತನ್ನು ಮೂರನೆಯವನೊಬ್ಬನು ವರ್ಷಕ್ಕೆರಡು ಬಾರಿ ಕಾಗದದ ಮೂಲಕ ಮುಗಿಸಿಕೊಂಡಿದ್ದರೆ, ಈ ಇಬ್ಬರು ಮುದುಕರು ಸಂಜೆಯ ಹೊತ್ತು ಒಟ್ಟಿಗೆ ಕುಳಿತು ಕಾಫಿ ಕುಡಿಯಬಹುದಾಗಿದ್ದಿತು.

ಪ್ರತಿನಿಧಿಯಾದವನು ಲೇಖಕನಿಗೆ ಏನಾಗಬಲ್ಲನೆಂಬುದಕ್ಕೆ ಜೇಮ್ಸ್ ಪಿಂಕರನ ದೃಷ್ಟಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 1896ರಲ್ಲಿ ಲಂಡನ್ನಿನಲ್ಲಿ ಕಚೇರಿ ತೆರೆದ ಈತನು ಹೆಸರುವಾಸಿಗಳನ್ನು ಮಾತ್ರ ಅರಸದೆ, ಇನ್ನೂ ಹೆಸರಾಗದವರಲ್ಲಿ ಸತ್ತ್ವವನ್ನು ಗುರುತಿಸಿ ಹಿಡಿದನು. ಹೆನ್ರಿ ಜೇಮ್ಸ್, ಆರ್ನಲ್ಡ್ ಬೆನೆಟ್, ಎಚ್. ಜಿ. ವೆಲ್ಸ್, ಸ್ಟೀಫನ್ ಕ್ರೇನ್ ಇವರೆಲ್ಲರ ವ್ಯವಹಾರವನ್ನು ನೋಡಿಕೊಂಡನು. ಜೋಸೆಫ್ ಕಾನ್‌ರಾಡನು 1900ರ ಸುಮಾರಿಗೆ ಅವನ ಆಶ್ರಯಕ್ಕೆ ಬಂದನು. ಹುಟ್ಟಿನಿಂದ ಪೋಲೆಂಡಿನವನು, ಹಡಗಿನ ವೃತ್ತಿಯನ್ನು ಬಿಟ್ಟುಬಂದವನು, ಬೆಳೆದ ಮೇಲೆ ಕಲಿತ ಭಾಷೆಯಲ್ಲಿ ಮಹಾಕೃತಿಗಳನ್ನು ಬರೆಯುತ್ತಿದ್ದವನು. ರೋಗ, ಸಾಲ, ಹೇಳಿದ ವೇಳೆಗೆ ಮುಗಿಯದ ಹಸ್ತಪ್ರತಿ, ಈ ಮೂರರಿಂದ ಸದಾ ಪೀಡಿತನು. ಪಿಂಕರನು ಅವನಿಗೆ ಬರಬೇಕಾದ ಹಣವನ್ನು ಬರುವುದಕ್ಕೆ ಮೊದಲೇ ಕೊಟ್ಟನು. ವೈದ್ಯನ ಬಿಲ್ಲನ್ನೂ ಮನೆಯ ಬಾಡಿಗೆಯನ್ನೂ ಭರಿಸಿದನು. ಸಾಲವು ಎರಡು ಸಾವಿರ ಪೌಂಡನ್ನು ಮೀರಿತು. 1910ರ ಜನವರಿಯಲ್ಲಿ, ‘ಅಂಡರ್ ವೆಸ್ಟರ್ನ್ ಐಸ್’ ಕಾದಂಬರಿಯ ಹಸ್ತಪ್ರತಿಯನ್ನು ಒಪ್ಪಿಸಲು ಹೋದಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಕಾನ್‌ರಾಡನು ಮನೆಗೆ ಹಿಂದಿರುಗಿ ಹಾಸಿಗೆ ಹಿಡಿದನು. ಮುಂದೆ ಕೆಲವು ಕಾಲ ಅವರ ನಡುವೆ ಒಣ ವ್ಯವಹಾರದ ಮಾತಲ್ಲದೆ ಬೇರೆ ನಡೆಯಲಿಲ್ಲ. ಆದರೂ ಪಿಂಕರನು ಕೈಬಿಡಲಿಲ್ಲ. 1914ರಲ್ಲಿ ‘ಚಾನ್ಸ್’ ಎಂಬ ಕಾದಂಬರಿ ಪುಸ್ತಕವಾಗಿ ಬಂದು ಅನಿರೀಕ್ಷಿತವಾಗಿ ಜನಪ್ರಿಯವಾಯಿತು, ಸಾಲ ತೀರಿತು, ಸ್ನೇಹ ಮರಳಿ ಕೂಡಿತು. ನೂರಕ್ಕೆ ಹತ್ತರ ಲೆಕ್ಕವನ್ನು ಮಾತ್ರ ನೋಡುವ ದಲ್ಲಾಳಿಯಾಗಿದ್ದರೆ, ಹದಿನಾಲ್ಕು ವರ್ಷ ಲಾಭದ ಮುಖ ಕಾಣದ ಒಬ್ಬ ಲೇಖಕನನ್ನು ಯಾವನು ತಾನೆ ಸಾಕುತ್ತಿದ್ದನು? ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರತಿನಿಧಿಗೆ ಸಂಬಳವಿಲ್ಲ; ಲೇಖಕನಿಗೆ ಬಂದದ್ದರಲ್ಲಿಯೇ ಅವನಿಗೂ ಬರತಕ್ಕದ್ದು; ಲೇಖಕನ ಹಾನಿ ಅವನ ಹಾನಿ. ಓದಿ ನೋಡುವುದಕ್ಕೇ ಲೇಖಕನಿಂದ ಶುಲ್ಕ ಕೇಳುವವನು ಈ ಹೆಸರಿಗೆ ಅರ್ಹನಲ್ಲ.

ಹಾಗೆಂದು ಈ ವೃತ್ತಿಯಲ್ಲಿ ಅಪಾಯವಿಲ್ಲವೆಂದಲ್ಲ. ಪ್ರಕಾಶಕನು ಕೊಡುವ ಹಣವು ಮೊದಲು ಪ್ರತಿನಿಧಿಯ ಕೈಗೆ ಬಂದು, ಅವನು ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ಲೇಖಕನಿಗೆ ಕಳುಹಿಸುವುದು ವಾಡಿಕೆ. ಕೈಗೆ ಬಂದದ್ದು ಕೈಯಲ್ಲಿಯೇ ಉಳಿಯಬಹುದು. ಪಿಂಕರನಂಥ ತಂದೆಯ ಮಗನೇ, ನ್ಯೂಯಾರ್ಕಿನಲ್ಲಿ ಅದೇ ವೃತ್ತಿಯನ್ನು ನಡೆಸುತ್ತಿದ್ದವನು, ಲೇಖಕರ ಹಣವನ್ನು ಅಪಹರಿಸಿದ ಅಪರಾಧಕ್ಕಾಗಿ 1939ರಲ್ಲಿ ಸೆರೆಮನೆ ಸೇರಿದನು. 2018ರಲ್ಲಿ ಅದೇ ನಗರದ ಹಳೆಯ ಏಜೆನ್ಸಿಯೊಂದರ ಲೆಕ್ಕಿಗನು ಮೂವತ್ತು ಲಕ್ಷ ಡಾಲರಿಗೂ ಮೀರಿದ ಹಣವನ್ನು ಕಬಳಿಸಿದ್ದು ಬಯಲಾಯಿತು. ಲೇಖಕರ ಹಣಕ್ಕೆ ಪ್ರತ್ಯೇಕವಾದ ಖಾತೆ, ಆ ಖಾತೆಗೆ ಹೊರಗಿನವರಿಂದ ತನಿಖೆ, ಇವೆರಡೂ ಇಲ್ಲದ ಪ್ರತಿನಿಧಿಗೆ ಯಾವ ಲೇಖಕನೂ ಸಹಿ ಹಾಕಿಕೊಡಬಾರದು.

ಮೈಸೂರಿನವರಿಗೆ ಈ ವೃತ್ತಿಯ ಪ್ರಯೋಜನವು ಅಪರಿಚಿತವಾದದ್ದೇನಲ್ಲ. ಆರ್. ಕೆ. ನಾರಾಯಣರ ಮೊದಲ ಕಾದಂಬರಿಯ ಹಸ್ತಪ್ರತಿಯು ಇಂಗ್ಲೆಂಡಿನ ಪ್ರಕಾಶಕರಿಂದ ಒಬ್ಬೊಬ್ಬರಾಗಿ ತಿರಸ್ಕೃತವಾಗುತ್ತಿರಲು, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ಅವರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯನು ಅದನ್ನು ಗ್ರಹಮ್ ಗ್ರೀನನ ಕೈಗೆ ಕೊಟ್ಟನು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂದಿತು. ಈ ಕಥೆಯನ್ನು ಎಲ್ಲರೂ ಬಲ್ಲರು. ಆಮೇಲಿನದನ್ನು ನೆನೆಯುವವರು ಕಡಿಮೆ. ಮೊದಲ ಪುಸ್ತಕವು ಮಾರಾಟವಾಗಲಿಲ್ಲ, ಪ್ರಕಾಶಕನು ಎರಡನೆಯದನ್ನು ಬೇಡವೆಂದನು. 1937ರದು ಮತ್ತೊಬ್ಬರಿಂದ, 1938ರದು ಇನ್ನೊಬ್ಬರಿಂದ, 1945ರ ‘ದಿ ಇಂಗ್ಲಿಷ್ ಟೀಚರ್’ ನಾಲ್ಕನೆಯವರಿಂದ ಪ್ರಕಟವಾಯಿತು. ಮೈಸೂರಿನಲ್ಲಿ ಕುಳಿತ ಲೇಖಕನೊಬ್ಬನು, 1956ರವರೆಗೆ ಸಮುದ್ರವನ್ನೇ ದಾಟದವನು, ಬಾಗಿಲು ಮುಚ್ಚಿದಾಗಲೆಲ್ಲ ಮತ್ತೊಂದು ಬಾಗಿಲನ್ನು ತಾನಾಗಿ ತಟ್ಟುವುದು ಸಾಧ್ಯವಿದ್ದಿತೆ? ಗ್ರೀನನ ಅಭಿಮಾನವು ಕಾರಣವೆಂಬುದು ನಿಜ. ಅದರ ಜೊತೆಗೆ ಲಂಡನ್ನಿನಲ್ಲಿ ಡೇವಿಡ್ ಹೈಯಮ್ ಎಂಬ ಪ್ರತಿನಿಧಿಯೊಬ್ಬನು ಅವರ ಪರವಾಗಿ ಇದ್ದನು. ಅಭಿಮಾನಿಯು ಒಮ್ಮೆ ಶಿಫಾರಸು ಮಾಡಬಲ್ಲನು. ಪತ್ರ ಬರೆದು, ಉತ್ತರ ಬಾರದಿದ್ದರೆ ಮತ್ತೆ ಬರೆದು, ಕರಾರಿನ ಒಂದೊಂದು ಕಲಮನ್ನೂ ಓದಿ, ವರ್ಷಾನುಗಟ್ಟಲೆ ಲೆಕ್ಕವನ್ನು ನೋಡಿಕೊಳ್ಳುವುದು ಬೇರೆಯ ಕೆಲಸ.

ಕಥನಸಾಹಿತ್ಯದ ಮಾತು ಇಷ್ಟಾಯಿತು. ವಿಚಾರಸಾಹಿತ್ಯದ ಮಾತು ನನಗೆ ಇದಕ್ಕಿಂತಲೂ ಹತ್ತಿರದ್ದು. ಚರಿತ್ರೆಯನ್ನೋ ಜೀವನಚರಿತ್ರೆಯನ್ನೋ ವಿಜ್ಞಾನವನ್ನೋ ಕುರಿತು ಬರೆಯಬಯಸುವ ಇಂಗ್ಲಿಷ್ ಲೇಖಕನು ಪುಸ್ತಕವನ್ನು ಪೂರ್ತಿ ಬರೆದು ಮುಗಿಸಿ ಪ್ರಕಾಶಕನ ಬಳಿಗೆ ಹೋಗುವುದಿಲ್ಲ. ವಸ್ತುವಿನ ನಿರೂಪಣೆ, ಅಧ್ಯಾಯಗಳ ವಿವರ, ಮಾದರಿಗೆ ಒಂದೆರಡು ಅಧ್ಯಾಯ, ಇಷ್ಟನ್ನು ಪ್ರತಿನಿಧಿಯೊಡನೆ ಕುಳಿತು ಹಲವು ಸಲ ತಿದ್ದಿ ಸಿದ್ಧಮಾಡುತ್ತಾನೆ. ಪ್ರತಿನಿಧಿಯು ಅದರ ಬಲದಿಂದ ಮುಂಗಡವನ್ನು ಕೊಡಿಸುತ್ತಾನೆ. ಆ ಮುಂಗಡದಿಂದ ಲೇಖಕನು ಎರಡು ಮೂರು ವರ್ಷ ದಫ್ತರಖಾನೆಗಳಲ್ಲಿಯೂ ಪ್ರವಾಸದಲ್ಲಿಯೂ ಕಳೆಯಬಲ್ಲವನಾಗುತ್ತಾನೆ. ಅಂದರೆ ಮುಂಗಡವೆಂಬುದು ಬಹುಮಾನವಲ್ಲ, ಕೊಂಡುಕೊಂಡ ಕಾಲ. ನಮ್ಮಲ್ಲಿ ಒಂದು ಶಾಸನದ ಬೆನ್ನು ಹತ್ತಿ ಮೂರು ಬಸ್ಸು ಬದಲಾಯಿಸಿ, ಹಾಳುಗುಡಿಯ ಮುಂದೆ ಬಿಸಿಲಲ್ಲಿ ಕುಳಿತು ಅಕ್ಷರಗಳನ್ನು ಪ್ರತಿಮಾಡಿಕೊಳ್ಳುವ ಅಧ್ಯಾಪಕನು ಟಿಕೇಟಿನ ಹಣವನ್ನು ಸಂಬಳದಿಂದ ತೆಗೆಯಬೇಕು. ಗ್ರಂಥವನ್ನು ನಿವೃತ್ತಿಯ ಮೇಲೆ ಬರೆಯಬೇಕು. ಬರೆದು ಮುಗಿಸಿದ ಮೇಲೆ ಕೆಲವು ಗೌರವ ಪ್ರತಿಗಳನ್ನು ಪಡೆದು ತೃಪ್ತನಾಗಬೇಕು. ಕನ್ನಡದಲ್ಲಿ ಗಂಭೀರವಾದ ಇತಿಹಾಸ ಗ್ರಂಥಗಳೂ ವಿಜ್ಞಾನ ಗ್ರಂಥಗಳೂ ಸಾಲದೆಂದು ಸಭೆಗಳಲ್ಲಿ ವ್ಯಸನಪಡುವವರು, ಅವುಗಳನ್ನು ಬರೆಯುವುದಕ್ಕೆ ಬೇಕಾದ ದಿನಗಳ ವೆಚ್ಚವನ್ನು ಯಾರು ಕೊಡಬೇಕೆಂಬುದನ್ನು ಆಲೋಚಿಸಿದ್ದನ್ನು ನಾನು ಕಾಣೆ.

ಕನ್ನಡದ ಲೇಖಕರು ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ನಡೆಸಿದರು. ಕುವೆಂಪು ಅವರ ಕೃತಿಗಳು ಉದಯರವಿ ಪ್ರಕಾಶನದಿಂದಲೂ ತೇಜಸ್ವಿಯವರವು ಪುಸ್ತಕ ಪ್ರಕಾಶನದಿಂದಲೂ ಬಂದವು. ಇದು ಸ್ವಾಭಿಮಾನದ ಮಾರ್ಗ. ನಾನು ಇದಕ್ಕೆ ತಲೆಬಾಗುತ್ತೇನೆ. ಆದರೆ ಎಲ್ಲ ಲೇಖಕರೂ ಕಾರಂತರಲ್ಲ. ಮತ್ತು ಗಂಟು ಹೊತ್ತು ನಡೆದ ದಾರಿಯಲ್ಲಿ ಗಳಗನಾಥರು ಬರೆಯದೆ ಉಳಿದ ಪುಟಗಳೆಷ್ಟೆಂಬುದನ್ನು ಯೋಚಿಸುವಾಗ ಮನಸ್ಸಿಗೆ ನೋವಾಗುತ್ತದೆ.

ಕಾನೂನು ಲೇಖಕನ ಪಕ್ಷದಲ್ಲಿಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅದನ್ನು ಓದಿದವರಿಲ್ಲ. 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಲೇಖಕನು ತೀರಿಕೊಂಡ ಮೇಲೆಯೂ ಅರುವತ್ತು ವರ್ಷ ಹಕ್ಕು ಬಾಳುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಕರಾರಿನಲ್ಲಿ ಅವಧಿಯನ್ನು ಹೇಳಿರದಿದ್ದರೆ ಐದೇ ವರ್ಷವೆಂದೂ, ಪ್ರದೇಶವನ್ನು ಹೇಳಿರದಿದ್ದರೆ ಭಾರತದ ಮಟ್ಟಿಗೆ ಮಾತ್ರವೆಂದೂ ತಿಳಿಯಬೇಕು. ಕೊಂಡವನು ಒಂದು ವರ್ಷದೊಳಗೆ ಹಕ್ಕನ್ನು ಉಪಯೋಗಿಸದಿದ್ದರೆ, ಕರಾರು ಬೇರೆ ರೀತಿ ಹೇಳದ ಹೊರತು, ಅದು ಲೇಖಕನಿಗೆ ಹಿಂದಿರುಗತಕ್ಕದ್ದು. ಈ ನಿಯಮಗಳನ್ನು ತಿಳಿದ ಒಬ್ಬನು ಪಕ್ಕದಲ್ಲಿದ್ದರೆ ಸಾಕು, ಎಷ್ಟೋ ಮನೆಗಳಲ್ಲಿ ಕೈಬಿಟ್ಟಿತೆಂದು ತಿಳಿದಿರುವ ಹಕ್ಕು ಕೈಯಲ್ಲಿಯೇ ಇದೆಯೆಂದು ಗೊತ್ತಾದೀತು. ಅವಧಿ ಮತ್ತು ಪ್ರದೇಶಗಳ ನಿಯಮವು 1994ರ ತಿದ್ದುಪಡಿಗೆ ಹಿಂದಿನ ವರ್ಗಾವಣೆಗಳಿಗೆ ಅನ್ವಯಿಸುವುದಿಲ್ಲ. ಆದಕಾರಣ 1964ರ ರಸೀತಿಯ ವಿಷಯದಲ್ಲಿ ನಾನು ಆ ಮಗಳಿಗೆ ಈ ಸಮಾಧಾನವನ್ನು ಹೇಳಲಾಗಲಿಲ್ಲ. ಹಕ್ಕು ಯಾರಲ್ಲಿದೆಯೆಂಬ ಪ್ರಶ್ನೆಯು ಈಗ ಇನ್ನೊಂದು ಕಾರಣದಿಂದಲೂ ತುರ್ತಿನದಾಗಿದೆ. 2025ರಲ್ಲಿ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂದು ಹೊರಬಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಐವತ್ತು ಸಾವಿರ ಪೌಂಡು ಬಹುಮಾನವು ಲೇಖಕಿಗೂ ಅನುವಾದಕಿಗೂ ಸಮಸಮನಾಗಿ ಹಂಚಿಕೆಯಾಯಿತು. ಕನ್ನಡದ ಕಡೆಗೆ ಹೊರಗಿನವರ ದೃಷ್ಟಿ ತಿರುಗಿರುವ ಈ ಸಮಯದಲ್ಲಿ, ಯಾವುದೋ ದೇಶದ ಪ್ರಕಾಶಕನು ನಮ್ಮ ಒಂದು ಕಾದಂಬರಿಯನ್ನು ಕೇಳಿಕೊಂಡು ಬಂದರೆ, ಅದರ ಅನುವಾದದ ಹಕ್ಕು ಯಾರಲ್ಲಿದೆಯೆಂದು ಒಂದು ವಾರದೊಳಗೆ ಉತ್ತರ ಹೇಳಬಲ್ಲ ಕುಟುಂಬಗಳು ಎಷ್ಟಿವೆ?

ಆದರೆ ಲಂಡನ್ನಿನ ಏಜೆನ್ಸಿಯನ್ನು ಇದ್ದಂತೆಯೇ ತಂದು ಬೆಂಗಳೂರಿನಲ್ಲಿ ನಿಲ್ಲಿಸಿದರೆ ಅದು ಒಂದು ವರ್ಷವೂ ಬಾಳದು. ಇದನ್ನು ಮರೆಮಾಚಬಾರದು. ಇನ್ನೂರೈವತ್ತು ರೂಪಾಯಿ ಬೆಲೆಯ ಕಾದಂಬರಿಯೊಂದು ಸಾವಿರ ಪ್ರತಿ ಅಚ್ಚಾಗಿ ಅಷ್ಟೂ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ನೂರಕ್ಕೆ ಹತ್ತರಂತೆ ಲೇಖಕನಿಗೆ ಇಪ್ಪತ್ತೈದು ಸಾವಿರ. ಅದರಲ್ಲಿ ಪ್ರತಿನಿಧಿಗೆ, ಈಗಿನ ರೂಢಿಯಂತೆ ನೂರಕ್ಕೆ ಹದಿನೈದು ಹಿಡಿದರೂ, ಮೂರು ಸಾವಿರದ ಏಳುನೂರೈವತ್ತು ರೂಪಾಯಿ. ವರ್ಷಕ್ಕೆ ಒಂದೊಂದು ಪುಸ್ತಕ ಬರೆಯುವ ಐವತ್ತು ಮಂದಿ ಲೇಖಕರು ದೊರೆತರೂ ಎರಡು ಲಕ್ಷ ತುಂಬುವುದಿಲ್ಲ. ಅದರಿಂದ ಒಂದು ಕೊಠಡಿಯ ಬಾಡಿಗೆಯನ್ನೂ ಒಬ್ಬ ಗುಮಾಸ್ತನ ಸಂಬಳವನ್ನೂ ಕೊಡಲಾಗದು. ಆದುದರಿಂದ ಇಲ್ಲಿ ಒಬ್ಬನ ವ್ಯಾಪಾರವಾಗಿ ನಡೆಯಲಾರದ್ದನ್ನು ಹಲವರ ಸಹಕಾರದಿಂದ ನಡೆಸಬೇಕು. ನೆರೆಯ ಕೇರಳದ ಕೋಟ್ಟಯಂ ನಗರದಲ್ಲಿ 1945ರಲ್ಲಿ ಹನ್ನೆರಡು ಮಂದಿ ಲೇಖಕರು ಕೂಡಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘವನ್ನು ಸ್ಥಾಪಿಸಿ, ಪ್ರಕಾಶನವನ್ನು ತಾವೇ ಕೈಗೊಂಡು, ಲೇಖಕರಿಗೆ ನೂರಕ್ಕೆ ಮೂವತ್ತರಷ್ಟು ರಾಯಲ್ಟಿ ಕೊಟ್ಟರು. ಸಹಕಾರವೆಂಬುದು ನಮಗೂ ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ರೈತರು 1905ರಲ್ಲಿಯೇ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದರು. ಬೀಜಕ್ಕೂ ಎತ್ತಿಗೂ ಸಾಲ ಹುಟ್ಟಿಸಿಕೊಳ್ಳುವುದಕ್ಕೆ ರೈತರು ಕೂಡಬಲ್ಲರಾದರೆ, ಅಕ್ಷರವನ್ನು ಬಿತ್ತುವವರು ಕೂಡಲಾರರೆಂದು ನಾನು ನಂಬುವುದಿಲ್ಲ.

ಅಂಥ ಸಂಘಕ್ಕೆ ಬೇಕಾದದ್ದು ಬಹಳವಿಲ್ಲ: ಕರಾರು ಓದಬಲ್ಲ ಒಬ್ಬ ವಕೀಲರು, ಒಬ್ಬ ಲೆಕ್ಕಿಗ, ಕನ್ನಡ ಕೃತಿಯನ್ನು ಓದಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ನಾಲ್ಕು ಪುಟದ ಪರಿಚಯ ಬರೆಯಬಲ್ಲ ಇಬ್ಬರು ರಸಿಕರು. ಸದಸ್ಯರ ವಾರ್ಷಿಕ ವಂತಿಗೆಯಿಂದ ಕಚೇರಿ ನಡೆಯಲಿ; ಅನುವಾದ, ಚಲನಚಿತ್ರ, ಧ್ವನಿಪುಸ್ತಕಗಳಿಂದ ಬಂದದ್ದರಲ್ಲಿ ಒಂದು ಪಾಲು ಮೂಲಧನಕ್ಕೆ ಸೇರಲಿ. ಮೊದಲ ವರ್ಷದ ಕೆಲಸ ಹೊಸ ಕರಾರುಗಳನ್ನು ಮಾಡುವುದಲ್ಲ. ತೀರಿಹೋದ ಲೇಖಕರ ಮನೆಗಳಿಗೆ ಹೋಗಿ, ಪೆಟ್ಟಿಗೆಗಳನ್ನು ತೆರೆಸಿ, ಯಾವ ಕೃತಿಯ ಯಾವ ಹಕ್ಕು ಯಾರಲ್ಲಿದೆಯೆಂದು ಒಂದು ಪಟ್ಟಿ ಮಾಡುವುದು. ಇಂಥ ಸಂಘವು ಪೇಟೆಯ ರುಚಿಯನ್ನು ಸಾಹಿತ್ಯದ ಮೇಲೆ ಹೇರೀತೆಂದು ಭಯಪಡುವ ಮಿತ್ರರಿದ್ದಾರೆ. ಆ ಭಯ ಸಕಾರಣವಾದದ್ದೇ. ಹೆಚ್ಚು ಖರ್ಚಾಗುವುದನ್ನು ಬರೆಯಿರೆಂದು ಪ್ರತಿನಿಧಿಯು ಕಿವಿಯಲ್ಲಿ ಹೇಳತೊಡಗಿದರೆ ಲೇಖಕನು ಕೆಟ್ಟನು. ಆದರೆ ಬಡತನವೂ ಕಿವಿಯಲ್ಲಿ ಅದೇ ಮಾತನ್ನು ಹೇಳುತ್ತದೆ, ಮತ್ತು ಇನ್ನೂ ಗಟ್ಟಿಯಾಗಿ ಹೇಳುತ್ತದೆ.

ಪೆಟ್ಟಿಗೆಯಲ್ಲಿದ್ದ ಅಚ್ಚಾಗದ ಹಸ್ತಪ್ರತಿಯ ವಿಷಯವನ್ನು ಹೇಳಬೇಕಾಗಿದೆ. ಅದು ಇನ್ನೂರ ಹದಿನಾರು ಪುಟಗಳ ಕಾದಂಬರಿ. ನೀಲಿ ಶಾಯಿಯಲ್ಲಿ ಬರೆದು, ಕೆಂಪು ಪೆನ್ಸಿಲಿನಿಂದ ಎರಡು ಸಲ ತಿದ್ದಿದ್ದು. ಅದಕ್ಕೆ ಯಾವ ರಸೀತಿಯೂ ಇಲ್ಲ. ಅದುಕಾರಣ ಅದರ ಸಮಸ್ತ ಹಕ್ಕೂ ಆ ಮಗಳದೇ. ಅವರು ಸಂಜೆ ಕೆಲಸದಿಂದ ಬಂದ ಮೇಲೆ ದಿನಕ್ಕೆ ಮೂರು ನಾಲ್ಕು ಪುಟಗಳಂತೆ ಅದನ್ನು ತಾವೇ ಟೈಪು ಮಾಡಿ, ಓದಲಾಗದ ಶಬ್ದಗಳ ಕೆಳಗೆ ಗೆರೆ ಎಳೆದು ನನಗೆ ಕಳುಹಿಸುತ್ತಿದ್ದರು. ನಾನು ತಿಳಿದಷ್ಟನ್ನು ತುಂಬಿ ಹಿಂದಿರುಗಿಸುತ್ತಿದ್ದೆನು. ಹೋದ ತಿಂಗಳು ಅದು ಮುಗಿಯಿತು. “ಇನ್ನು ಇದನ್ನು ಯಾರ ಹತ್ತಿರ ತೆಗೆದುಕೊಂಡು ಹೋಗಲಿ, ಹೇಳಿ” ಎಂದು ಅವರು ಫೋನಿನಲ್ಲಿ ಕೇಳಿದರು. ಪ್ರಕಾಶಕರ ಹೆಸರುಗಳನ್ನು ಹತ್ತು ಹೇಳಬಲ್ಲವನಾಗಿದ್ದೆನು. ಅವರು ಕೇಳಿದ್ದು ಅದನ್ನಲ್ಲ.